ಕಿಟಕಿಗೊಂದು ಅರಿವೆ

ಅಂಗಡಿಯ ಹುಡುಗಿ ಕೇಳಿದ್ದು ದೊಡ್ಡ ಮಾತೇನಲ್ಲ. ಪರದೆ ಹಾಲಿಗೋ ಮಲಗುವ ಕೋಣೆಗೋ, ಮಲಗುವ ಕೋಣೆಗಾದರೆ ಬೆಳಕು ಹೆಚ್ಚು ಬೇಕೋ ಮರೆ ಹೆಚ್ಚು ಬೇಕೋ, ಇಷ್ಟೇ. ಶಾಂತಪ್ಪನಿಗೆ ಉತ್ತರ ಗೊತ್ತಿತ್ತು, ಹೇಳುವುದಕ್ಕೆ ನಾಚಿಕೆ. ನಲವತ್ತೈದು ವರ್ಷ ಸೋಲಾಪುರದ ಪೇಟೆಯಲ್ಲಿ ಗಾದಿಯ ಮೇಲೆ ಕೂತು ಅರಿವೆ ಮಾರಿದವನು. ಗಿರಾಕಿಯ ಕಣ್ಣು ಯಾವ ಅರಿವೆಯ ಥಾನಿನ ಮೇಲೆ ನಿಂತಿತು ಎಂಬುದು ಗಿರಾಕಿಗಿಂತ ಮೊದಲು ಅವನಿಗೇ ತಿಳಿಯುತ್ತಿತ್ತು. ಈಗ ಗಾಜಿನ ಮೇಜಿನ ಈಚೆ ತಾನೇ ಗಿರಾಕಿಯಾಗಿ ನಿಂತು, ಕೈ ಎಲ್ಲಿಡಬೇಕೆಂದು ತಿಳಿಯದೆ, ತಲೆಯ ಮೇಲಿನ ಬಿಳಿ ಟೊಪ್ಪಿಗೆಯನ್ನು ಒಮ್ಮೆ ತೆಗೆದ, ಒಮ್ಮೆ ಹಾಕಿದ. ಸುತ್ತಲೂ ಪರದೆಗಳೇ ಪರದೆಗಳು. ಮೇಲಿಂದ ನೆಲದವರೆಗೆ ಇಳಿಬಿದ್ದಿದ್ದವು, ಮದುವೆಯ ಮಂಟಪದಲ್ಲಿ ಹೆಂಗಸರು ಗುಂಪಾಗಿ ನಿಂತು ಇವನನ್ನೇ ನೋಡಿ ಪಿಸುಗುಟ್ಟುತ್ತಿರುವ ಹಾಗೆ. ಅಂಗಡಿ ತಣ್ಣಗಿತ್ತು. ಹೊರಗಿನ ಬಿಸಿಲು ಒಳಗೆ ಬರದಂತೆ ಬಾಗಿಲಿಗೂ ಕರಿ ಗಾಜು ಹಾಕಿದ್ದರು. ಅರಿವೆ ಮಾರುವವರು ಬೆಳಕನ್ನು ಹೊರಗೆ ನಿಲ್ಲಿಸಿ ಅರಿವೆ ಮಾರುವುದನ್ನು ಅವನು ಇದೇ ಮೊದಲು ನೋಡಿದ್ದು.

ಹೆಚ್ಚು ಬೆಳಕು ಬ್ಯಾಡ, ಎಂದು ಅವನು ಮರಾಠಿಯಲ್ಲಿ ಹೇಳತೊಡಗಿ, ಇಲ್ಲ, ಬೆಳಕು ಬೇಕು, ಎಂದು ತಿದ್ದಿ, ಕಾಣಬಾರದು ಎಂದು ಮುಗಿಸಿದ. ಯಾರಿಗೆ ಕಾಣಬಾರದು, ಏನು ಕಾಣಬಾರದು ಎಂಬುದನ್ನು ಬಿಟ್ಟ. ಮರಾಠಿಯಲ್ಲಿ ಇಷ್ಟು ಹೇಳುವುದು ಸುಲಭವಾಗಿತ್ತು. ಯಾವುದೋ ಬೇರೆಯವರ ಮನೆಯ ಸಮಾಚಾರ ಹೇಳಿದ ಹಾಗೆ. ಆದರೆ ಹುಡುಗಿ ಅವನ ಮರಾಠಿಯ ಬಾಲ ಹಿಡಿದೇಬಿಟ್ಟಳು. "ಕಾಕಾ, ಕನ್ನಡದಾಗ ಹೇಳ್ರಿ. ನಂದೂ ಅಕ್ಕಲಕೋಟ. ದಿನಾ ಮುಂಜಾನಿ ಬಸ್ಸಿಗಿ ಬರತೀನಿ," ಎಂದಳು. ಹೆಸರು ಸಾರಿಕಾ ಎಂದು ಎದೆಯ ಮೇಲಿನ ಬಿಲ್ಲೆಯಲ್ಲಿತ್ತು. ಕನ್ನಡ ಬಂದಕೂಡಲೇ ಅದು ತನ್ನ ಮನೆಯ ಮಾತೇ ಆಗಿಹೋಯಿತು. ಶಾಂತಪ್ಪನ ಕಿವಿ ಬೆಚ್ಚಗಾದವು. ಹೊಸ ಜೋಡಿಗಾಗಿ ನೋಡುತ್ತಿದ್ದೀರೇನು ಎಂದು ಆಕೆ ಕೇಳಿದಳು, ಹೊಸ ಜೋಡಿಗಾದರೆ ಗುಲಾಬಿ ಬಣ್ಣದ್ದು ಬಂದಿದೆಯಂತೆ. ಅವನು ಸ್ವಲ್ಪ ಹೊತ್ತು ಗುಲಾಬಿ ಬಣ್ಣವನ್ನೇ ನೋಡಿದ. "ಹಳೇ ಜೋಡಿ," ಎಂದ. ಆಕೆ ನಗಲಿಲ್ಲ. ಅದೇ ಅವನಿಗೆ ಹೆಚ್ಚು ಅವಮಾನವೆನಿಸಿತು. ತಾನು ಗಾದಿಯ ಮೇಲಿದ್ದಾಗ ಮುದುಕ ಗಿರಾಕಿಗಳ ಮುಂದೆ ಹೀಗೇ ನಗು ನುಂಗಿ ಕೂರುತ್ತಿದ್ದುದು ನೆನಪಾಯಿತು.

ಇದೆಲ್ಲ ಇವತ್ತು ಮುಂಜಾನೆ ಎಂಟು ಗಂಟೆಗೆ, ಕಾಯಿಪಲ್ಲೆಯ ಗಾಡಿಯ ಹತ್ತಿರ ಶುರುವಾದದ್ದು. ಹೊಸ ಮನೆ ವಿಜಾಪುರ ರೋಡಿನ ಕಡೆ, ಎರಡನೆಯ ಮಾಳಿಗೆಯ ಮೇಲೆ, ಅದೇ ಕಡೆಯ ಮಾಳಿಗೆ. ಎದುರಿಗೆ ಅಷ್ಟೇ ಎತ್ತರದ ಇನ್ನೊಂದು ಕಟ್ಟಡ, ನಡುವೆ ಎರಡು ಗಾಡಿ ಹೋಗುವಷ್ಟು ದಾರಿ. ಆ ಕಟ್ಟಡದ ಎರಡನೆಯ ಮಾಳಿಗೆಯ ಸಾವಿತ್ರಿಬಾಯಿ ಮೆಂತ್ಯದ ಸೂಡು ಆರಿಸುತ್ತ, ಮೆಂತ್ಯಕ್ಕೇ ಹೇಳುವ ಹಾಗೆ, "ಅಣ್ಣಾರ, ವೈನಿಗಿ ಹೆಳಲ ಭಾಳ ಛಲೋ ಹಾಕತೀರಿ," ಎಂದಳು. ಹೆಂಡತಿ ಕಸ್ತೂರಬಾಯಿಗೆ ಜಡೆ ಹಾಕುವುದು ಎದುರಿನ ಕಿಟಕಿಗೆ ಕಂಡಿತ್ತು. ಶಾಂತಪ್ಪನ ಕೈಯಲ್ಲಿ ಎರಡು ಬದನೆಕಾಯಿ ಇದ್ದವು. ಒಂದನ್ನು ಕೆಳಗಿಟ್ಟ. ಸಾವಿತ್ರಿಬಾಯಿ ಅಷ್ಟಕ್ಕೆ ಬಿಡುವವಳಲ್ಲ. ಸಂಜೆ ಏಳು ಗಂಟೆಯಾದರೆ ತಾನು ಟಿವಿ ಆರಿಸಿ ಗಂಡನನ್ನು ಕಿಟಕಿಗೆ ಕರೆಯುತ್ತೇನೆಂದೂ, ನೋಡಿ ಕಲಿಯಿರಿ ಎಂದು ತೋರಿಸುತ್ತೇನೆಂದೂ, ಹನ್ನೆರಡು ದಿನದಿಂದ ಒಂದು ದಿನವೂ ತಪ್ಪಿಸಿಲ್ಲವೆಂದೂ ಹೇಳಿದಳು. ಆಕೆಯ ಗಂಡ ಶಿವಶರಣಪ್ಪ, ಗುಡಿಯ ಕಟ್ಟೆಯ ಮೇಲೆ ದಿನಾ ಶಾಂತಪ್ಪನ ಪಕ್ಕದಲ್ಲೇ ಕೂರುವವನು, ಹನ್ನೆರಡು ದಿನ ಅವನೂ ಬಾಯಿ ಬಿಟ್ಟಿರಲಿಲ್ಲ. ಆದರೆ ಗಾಡಿಯ ಹಿಂದೆ ಸೈಕಲ್ ಹಿಡಿದು ನಿಂತಿದ್ದ ಅವನೇ ಈಗ ಹೇಳಿದ: "ಶೇಟಜೀ, ನಮ್ಮ ಮನ್ಯಾಗ ಹುಳಿ ಹಿಂಡೀರಿ ನೀವು. ನಾಳಿಂದ ನನ್ನ ಕೈಯಾಗೂ ಹಣಗಿ ಬರತದ."

ಬದನೆಕಾಯಿ ಬಿಟ್ಟು ಬಂದಿದ್ದ. ಮೆಟ್ಟಿಲು ಹತ್ತುವಾಗ ಅವನಿಗೆ ಹೊಳೆದದ್ದು ಅವಮಾನವಲ್ಲ, ಅರಿವೆ. ತಾನೇ ಆರಿಸಿ ತಂದ ಅರಿವೆ. ಅದು ಹೇಗೆ ಮೋಸ ಮಾಡಿತು? ಅವನ ಅಪ್ಪ ಗಾದಿಯ ಮೇಲೆ ಕೂರಿಸಿದ ದಿನವೇ ಒಂದು ಮಾತು ಹೇಳಿದ್ದ, ದೀಪದ ಬೆಳಕಿನಲ್ಲಿ ಅರಿವೆ ನೋಡಬೇಡ, ದೀಪ ಸುಳ್ಳು ಹೇಳುತ್ತದೆ, ಅರಿವೆ ಹಿಡಿದು ಹೊಸ್ತಿಲಿಗೆ ಬಾ. ನಲವತ್ತೈದು ವರ್ಷ ಅವನು ಹಾಗೇ ಮಾಡಿದ್ದ. ಯಾವ ಥಾನು ಬಂದರೂ ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲಿಗೆ ನಡೆದು, ಹಗಲಿಗೆ ಒಡ್ಡಿ, ಎಳೆ ನೋಡಿ, ಬಣ್ಣ ನೋಡಿ, ಅಂಚು ನೋಡಿ. ದೀಪ ಹಚ್ಚಿದ ಮೇಲೆ ಅಂಗಡಿಯಲ್ಲಿ ಹೊಸ ಅರಿವೆ ಬಿಚ್ಚುತ್ತಲೇ ಇರಲಿಲ್ಲ. ಈ ಕಿಟಕಿಯ ಅರಿವೆಯನ್ನೂ ಹಾಗೇ ಆರಿಸಿದ್ದ, ಬಿಳಿ, ಎಲೆಯ ನೇಯ್ಗೆ, ತೆಳು, ಹೊಗೆಯ ಹಾಗೆ. ಹೊಸ್ತಿಲಿಗೆ ಹಿಡಿದು ನೋಡಿದ. ಸಾಲದೆಂದು, ಕಟ್ಟಿದ ಮೇಲೆ ನಡು ಮಧ್ಯಾಹ್ನ ಎದುರಿನ ಕಟ್ಟಡಕ್ಕೆ ಹೋಗಿ, ಯಾರನ್ನೋ ಹುಡುಕಿಕೊಂಡು ಬಂದವನ ಹಾಗೆ ಅಲ್ಲಿನ ಮೆಟ್ಟಿಲ ತಿರುವಿನಲ್ಲಿ ನಿಂತು, ಕೈ ಹಿಂದೆ ಕಟ್ಟಿ ತನ್ನದೇ ಕಿಟಕಿಯನ್ನು ನೋಡಿದ. ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ, ಒಳಗಿನದೇನೂ ಕಾಣದು. ಬೆಳಕು ಒಳಗೆ, ಕಣ್ಣು ಹೊರಗೆ, ಎಂದು ಆ ರಾತ್ರಿ ಊಟಕ್ಕೆ ಕೂತಾಗ ಮಗ ಯೋಗಿರಾಜನ ಮುಂದೆ ಮೀಸೆ ಮೇಲೆ ಕೈ ಹಾಕಿಯೇ ಹೇಳಿದ್ದ. ದೀಪದಲ್ಲಿ ನೋಡಲಿಲ್ಲ. ದೀಪದಲ್ಲಿ ಅರಿವೆ ನೋಡುವ ಅಭ್ಯಾಸವೇ ಇಲ್ಲದವನಿಗೆ, ನೋಡಬೇಕೆಂದು ಹೇಗೆ ಹೊಳೆಯಬೇಕು?

ಮತ್ತು ದೀಪದಲ್ಲೇ ಅವನು ಆ ಕೆಲಸ ಮಾಡುತ್ತಿದ್ದುದು. ಕಸ್ತೂರಬಾಯಿಯ ಬಲಭುಜ ಹಿಡಿದುಕೊಂಡು ಮೂರು ತಿಂಗಳು. ಕೈ ಕಿವಿಯ ಮೇಲೆ ಏಳದು. ಮುಂಜಾನೆಯ ಎಳೆ ಬಿಸಿಲಿಗೆ ಭುಜ ಒಡ್ಡಿ ಕೂರಿ ಎಂದು ಡಾಕ್ಟರು ಹೇಳಿದ್ದರು. ಸೊಸೆ ಶುಭಾಂಗಿ ಮುಂಜಾನೆ ಏಳಕ್ಕೇ ಸಾಲೆಗೆ ಹೋಗುವವಳು, ಅವಸರದಲ್ಲಿ ಅತ್ತೆಯ ತಲೆಗೆ ಒಂದು ಗಂಟು ಹಾಕಿ ಓಡುತ್ತಿದ್ದಳು. ಒಂದು ಸಂಜೆ ಶಾಂತಪ್ಪ ಕೋಣೆಗೆ ಬಂದಾಗ ಹೆಂಡತಿ ಎಡಗೈಯಲ್ಲಿ ಹಣಿಗೆ ಹಿಡಿದು, ಕೂದಲಲ್ಲಿ ಸಿಕ್ಕಿಸಿಕೊಂಡು, ಹಿಂದಕ್ಕೂ ಬರದೆ ಮುಂದಕ್ಕೂ ಹೋಗದೆ ಕೂತಿದ್ದಳು. ಅವನು ಅವಳ ಕೈಯಿಂದ ಹಣಿಗೆ ತೆಗೆದುಕೊಂಡ. ಏನಾದರೂ ಮಾತಾಡಿದ್ದರೆ ಆಗುತ್ತಿರಲಿಲ್ಲ. ನೂಲಿನ ಲಡಿ ಬಿಡಿಸುವುದು ಅವನಿಗೆ ಗೊತ್ತಿತ್ತು. ಬುಡದಿಂದ ಎಳೆದರೆ ಹರಿಯುತ್ತದೆ, ತುದಿಯಿಂದ ಬರಬೇಕು, ಒಂದೊಂದೇ ಗೇಣು ಮೇಲೆ. ಕೂದಲೂ ಹಾಗೇ ಬಂತು. ಬಿಳಿ ಎಳೆ, ಕಪ್ಪು ಎಳೆ, ಮದರಂಗಿಯ ಕೆಂಪು ಎಳೆ. ನಲವತ್ನಾಲ್ಕು ವರ್ಷ ಸಂಸಾರ ಮಾಡಿದವಳ ಕತ್ತಿನ ಹಿಂದೆ ಒಂದು ಸಣ್ಣ ಮಚ್ಚೆ ಇದೆ ಎಂಬುದು ಅವತ್ತು ಗೊತ್ತಾಯಿತು. ಮರುದಿನ ತಾನಾಗಿಯೇ ಅದೇ ಹೊತ್ತಿಗೆ ಕೋಣೆಗೆ ಬಂದ. ಮಗ ಅಂಗಡಿಯಲ್ಲಿ, ಸೊಸೆ ಸಂಜೆ ಏಳಕ್ಕೆ ಕೆಳಗೆ ತಿರುಗಾಡಲು ಹೋಗುತ್ತಾಳೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಅದೊಂದೇ. ದೀಪ ಹಚ್ಚಿದ ಮೇಲೆ ತಲೆ ಬಾಚಬಾರದು, ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎಂದು ಕಸ್ತೂರಬಾಯಿ ಮೊದಲು ಒಪ್ಪಲಿಲ್ಲ. ಟ್ಯೂಬಲೈಟು ದೀಪವಲ್ಲ, ದೇವರ ಮುಂದಿನದು ಅಷ್ಟೇ ದೀಪ, ಎಂದು ಅವನು ವಾದ ಹಾಕಿದ. ಅಂಗಡಿಯಲ್ಲಿ ಹೂಡುತ್ತಿದ್ದ ಎಲ್ಲ ವಾದಗಳಿಗಿಂತ ಅದು ಗಟ್ಟಿಯಾಗಿತ್ತು. ದೇವರ ದೀಪವನ್ನು ಅರ್ಧ ಗಂಟೆ ತಡವಾಗಿ ಹಚ್ಚುವುದೆಂದು ಕಡೆಗೆ ರಾಜಿಯಾಯಿತು. ಹೀಗೆ, ಸೊಸೆಗೆ ಕಾಣಬಾರದೆಂದು ಆರಿಸಿಕೊಂಡ ಹೊತ್ತೇ ಇಡೀ ಎದುರಿನ ಕಟ್ಟಡಕ್ಕೆ ಕಾಣುವ ಹೊತ್ತಾಗಿತ್ತು.

ಸಾರಿಕಾ ಇಷ್ಟರಲ್ಲಿ ಮೇಜಿನ ಮೇಲೆ ತೆಳು ಅರಿವೆಯೊಂದನ್ನು ಎತ್ತಿ, ಅದರ ಹಿಂದೆ ತನ್ನ ಮೊಬೈಲಿನ ಬೆಳಕು ಹಚ್ಚಿ ಹಿಡಿದಳು. ಆಕೆಯ ಐದು ಬೆರಳೂ, ಉಂಗುರವೂ, ಉಂಗುರದ ಹರಳೂ ಈಚೆಗೆ ಕಂಡವು. ಬೆಳಕು ಆರಿಸಿದಳು, ಬೆಳ್ಳಗೆ ಗೋಡೆ. "ಬೆಳಕ ಯಾವ ಬಾಜೂಕ ಜಾಸ್ತಿ ಅದನೋ ಆ ಬಾಜೂದ ಎಲ್ಲಾ ಕಾಣತದ, ಕಾಕಾ. ಹಗಲ ಹೊರಗಿಂದು ನಮಗ, ದೀಪ ಹಚ್ಚಿದ ಮ್ಯಾಲ ಒಳಗಿಂದು ಮಂದಿಗಿ." ದಿನಕ್ಕೆ ಹತ್ತು ಸಲ ಹೇಳಿ ಹೇಳಿ ಸವೆದ ಮಾತು ಎಂಬುದು ಆಕೆಯ ಧ್ವನಿಯಲ್ಲೇ ಗೊತ್ತಾಗುತ್ತಿತ್ತು. ಇಪ್ಪತ್ತೆರಡರ ಹುಡುಗಿ. ಶಾಂತಪ್ಪನಿಗೆ ಎದುರಿನ ಕುರ್ಚಿಯ ಮೇಲೆ ಕೂರಬೇಕೆನಿಸಿತು, ಕೂತ. ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತು, ಬದಲಿಗೆ ಅಪ್ಪನ ಬಗ್ಗೆ ಕನಿಕರ ಬಂತು. ಅವನೂ ಇದು ಗೊತ್ತಿಲ್ಲದೆಯೇ ಹೋದ. ಆಮೇಲೆ ಸಾರಿಕಾ ಇನ್ನೊಂದು ತಂದಳು. ತೂಕದ್ದು, ಬೂದಿ ಬಣ್ಣದ್ದು, ಮೂರು ಪದರು, ನಡುವಿನ ಪದರಿನಲ್ಲಿ ಕರಿ ನೂಲು. ಅಂಚನ್ನು ಉಗುರಿನಿಂದ ಬಿಡಿಸಿ ಆ ಕರಿ ನೂಲು ಕಂಡುಕೊಂಡಾಗ ಅವನಿಗೆ ವ್ಯಾಪಾರದ ಹಳೆಯ ಸಂತೋಷವೇ ಆಯಿತು. ಹಿಂದೆ ಮೊಬೈಲು ಹಿಡಿದರೆ ಬೆಳಕಿನ ಚುಕ್ಕಿಯೂ ದಾಟಲಿಲ್ಲ. ಹಗಲು ತೆಳುವಿನದು ಇರಲಿ, ಸಂಜೆ ಇದನ್ನು ಎಳೆದುಬಿಡಿ, ಎರಡು ಸರಳು ಹಾಕಿದರಾಯಿತು, ಎಂದಳು ಹುಡುಗಿ. ಇಷ್ಟು ಸುಲಭ. ಬೆಳಕೂ ಉಳಿಯಿತು, ಮರೆಯೂ ಸಿಕ್ಕಿತು. ಅವನು ಹೊರಡುವಾಗ ಆಕೆಗೆ, ನಿನಗೆ ಅರಿವೆ ತಿಳಿಯುತ್ತದೆ, ಎಂದು ಹೇಳಿದ. ಅವನು ಯಾರಿಗೂ ಹಾಗೆ ಹೇಳಿದ್ದಿಲ್ಲ.

ರಿಕ್ಷಾದಲ್ಲಿ ತೊಡೆಯ ಮೇಲೆ ಪರದೆಯ ಗಂಟು. ಹೊಸ ದಪ್ಪ ಅರಿವೆಯ ವಾಸನೆ, ಗಂಜಿಯದು, ಯಂತ್ರದ ಎಣ್ಣೆಯದು, ಮುಚ್ಚಿಟ್ಟ ಕೋಣೆಯದು. ಎಲ್ಲೋ ಗೊತ್ತಿದ್ದ ವಾಸನೆ. ಮಂಗಳವಾರ ಪೇಟೆಯ ಹಳೆಯ ಮನೆಯಲ್ಲಿ ಅವರ ಕೋಣೆಗೂ ಒಂದು ಕಿಟಕಿ ಇತ್ತು, ಗಲ್ಲಿಯ ಕಡೆಗೆ. ಮದುವೆಯಾದ ಎರಡನೆಯ ವರ್ಷ ಒಂದು ಮುಂಜಾನೆ ಕಸ್ತೂರಬಾಯಿ ಮಿಂದ ತಲೆ ಹರವಿಕೊಂಡು ಅಲ್ಲಿ ನಿಂತಿದ್ದಳು, ಕಿಟಕಿಯ ಕಟ್ಟೆಯ ಮೇಲೆ ಆಕೆಯ ಕನ್ನಡಿ, ಹಣಿಗೆ. ಕೆಳಗೆ ನೂಲಿನ ದಲಾಲಿಯೊಬ್ಬ ಹೋಗುತ್ತಿದ್ದವನು ತಲೆ ಎತ್ತಿದ. ಅಷ್ಟೇ, ತಲೆ ಎತ್ತಿದ, ಹೋದ. ಅವತ್ತೇ ಮಧ್ಯಾಹ್ನ ಶಾಂತಪ್ಪ ಅಂಗಡಿಯಿಂದ ಹದಿನಾಲ್ಕು ಗಠಡಿ ಚಾದರು, ಗಂಟು ಗಂಟಾಗಿ, ಹೊರಿಸಿ ತಂದು ಆ ಕಿಟಕಿಗೆ ಒಟ್ಟಿಸಿದ. ಅಂಗಡಿಯಲ್ಲಿ ಜಾಗ ಸಾಲದು ಎಂದ. ಆಕೆ ಕನ್ನಡಿ, ಹಣಿಗೆ ತೆಗೆದುಕೊಂಡು ಹೋಗಿ ಅಡಿಗೆಮನೆಯ ಗೋಡೆಯ ಮಾಡದಲ್ಲಿ ಇಟ್ಟಳು. ಗಠಡಿ ಮಾರಿಹೋದವು, ಬೇರೆ ಬಂದವು, ಅವೂ ಹೋದವು, ಮತ್ತೆ ಬಂದವು. ಕಿಟಕಿ ಮಾತ್ರ ಒಂದು ದಿನವೂ ತೆರೆಯಲಿಲ್ಲ. ಅದು ಹಾಗೆ ನಲವತ್ತು ವರ್ಷವಾಯಿತೆಂದು ಯಾರೂ ಎಣಿಸಿರಲಿಲ್ಲ. ಅಣ್ಣತಮ್ಮಂದಿರು ಬೇರೆಯಾಗಿ, ಹೊಸ ಮನೆ ನೋಡುವಾಗ ಯೋಗಿರಾಜ ಎಲ್ಲರನ್ನೂ ಏನು ಬೇಕೆಂದು ಕೇಳಿದ್ದ. ಶುಭಾಂಗಿ ಅಡಿಗೆಮನೆಯ ಕಟ್ಟೆ ಕೇಳಿದಳು, ಶಾಂತಪ್ಪ ಗುಡಿ ಹತ್ತಿರವಿರಲಿ ಎಂದ. ಕಸ್ತೂರಬಾಯಿ, ಯಾವತ್ತೂ ಏನೂ ಕೇಳದವಳು, ಕೇಳಿದ ತಕ್ಷಣ ಹೇಳಿದಳು, ಮಲಗುವ ಕೋಣೆಗೆ ಮೂಡಲ ಕಿಟಕಿ. ಉತ್ತರ ತಯಾರಿಟ್ಟುಕೊಂಡು ಕಾಯುತ್ತಿದ್ದವಳ ಹಾಗೆ. ರಿಕ್ಷಾದವನು ಬ್ರೇಕು ಹಾಕಿದ. ಗಂಟು ಜಾರಿತು, ಶಾಂತಪ್ಪ ಎರಡೂ ಕೈಯಿಂದ ಅವುಚಿ ಹಿಡಿದ.

ಸೊಸೆಗೆ ಗೋಡೆ ಕೊರೆಯುವ ಯಂತ್ರದ ಹುಚ್ಚು. ಮೊಬೈಲಿನಲ್ಲಿ ತರಿಸಿಕೊಂಡಿದ್ದಳು, ಮನೆಯಲ್ಲಿ ಕೊರೆಯುವುದಕ್ಕೆ ಏನಾದರೂ ಉಳಿದಿದೆಯೇ ಎಂದು ಆದಿತವಾರ ಆದಿತವಾರ ಹುಡುಕುತ್ತಿದ್ದಳು. ಅರ್ಧ ಗಂಟೆಯಲ್ಲಿ ಎರಡನೆಯ ಸರಳು ಏರಿತು. ಮರಾಠಿ ಸಾಲೆಯ ಮಾಸ್ತರಿಣಿ, ಕನ್ನಡ ಓದಲು ಬರದು, ಮಾತಿನಲ್ಲಿ ಎರಡನ್ನೂ ಕಲಸಿ ಉಣಿಸುತ್ತಾಳೆ. ಇಷ್ಟು ದಪ್ಪ ಯಾಕೆ ತಂದಿರಿ ಎಂದು ಕೇಳಿ, ಮಾವನ ಮುಖ ನೋಡಿ, ಛಲೋ ಅದ, ಎಂದು ತಾನೇ ಮುಗಿಸಿದಳು. ಸಂಜೆ ಆಕೆ ಕೆಳಗೆ ಹೋದ ಮೇಲೆ ಶಾಂತಪ್ಪ ದಪ್ಪ ಪರದೆ ಎಳೆದ. ಕಡೆಯ ಒಂದು ಬೆರಳಿನ ಸಂದೂ ಮುಚ್ಚಿತು. ಕೋಣೆಯ ಸದ್ದೇ ಬದಲಾಯಿತು, ಕಿವಿಗೆ ಹತ್ತಿ ಇಟ್ಟ ಹಾಗೆ. ಟ್ಯೂಬಲೈಟು ಹಚ್ಚಿದ, ಸ್ಟೂಲು ಎಳೆದ, ಹಣಿಗೆ ತೆಗೆದುಕೊಂಡ, ಗೆದ್ದವನ ಹಾಗೆ ನಿಂತ. ಕಸ್ತೂರಬಾಯಿ ಹಾಸಿಗೆಯ ತುದಿಯಲ್ಲಿ ಕೂತಿದ್ದವಳು ಏಳಲಿಲ್ಲ. ಪರದೆಯನ್ನು ನೋಡಿದಳು, ಮೂಗಿನಿಂದ ಒಮ್ಮೆ ಉಸಿರು ಎಳೆದುಕೊಂಡಳು. "ಇವತ್ತ ಬ್ಯಾಡ ಬಿಡ್ರಿ," ಎಂದಳು.

ಮರುದಿನವೂ ಬೇಡವೆಂದಳು, ಅದರ ಮರುದಿನವೂ. ಸಿಟ್ಟಿಲ್ಲ, ಮುನಿಸಿಲ್ಲ, ಊಟಕ್ಕೆ ಬಡಿಸಿದ್ದಕ್ಕೆ ಸಾಕು ಅನ್ನುವಾಗಿನ ಧ್ವನಿ. ಮುಂಜಾನೆ ತೆಳು ಪರದೆಯ ಬೆಳಕಿನಲ್ಲಿ ಭುಜ ಒಡ್ಡಿ ಕೂರುತ್ತಿದ್ದಳು, ಸೊಸೆ ಹಾಕಿದ ಅವಸರದ ಗಂಟೇ ರಾತ್ರಿಯವರೆಗೂ ಇರುತ್ತಿತ್ತು. ಶಾಂತಪ್ಪನಿಗೆ ಏಳು ಗಂಟೆ ಬಂದರೆ ಕೈಗೆ ಕೆಲಸವಿಲ್ಲ. ಹಣಿಗೆಯ ಹಲ್ಲುಗಳನ್ನು ಪಂಚೆಯ ತುದಿಯಿಂದ ಒರೆಸಿ ಇಟ್ಟ, ಮತ್ತೆ ತೆಗೆದ. ಗುಡಿಯ ಕಟ್ಟೆಯ ಮೇಲೆ ಶಿವಶರಣಪ್ಪ, ಕಾರ್ಯಕ್ರಮ ಬಂದ್ ಆಯಿತೇನು, ನಮ್ಮಾಕೆ ಮತ್ತೆ ಟಿವಿ ಹಚ್ಚಿದಳು, ಎಂದು ಕೇಳಿದ. ಕೇಳುವಾಗ ಅವನ ದನಿಯಲ್ಲಿ ಚೇಷ್ಟೆಯ ಕೆಳಗೆ ಇನ್ನೇನೋ ಇತ್ತು. ನಿಜವಾಗಿ ಕಳೆದುಕೊಂಡವನ ಬೇಜಾರು. ಯಾರಿಗೂ ಕಾಣಬಾರದೆಂದು ಇಷ್ಟು ಮಾಡಿದೆ, ಈಗ ಕಾಣುವುದಕ್ಕೂ ಏನೂ ಇಲ್ಲವಲ್ಲ ಎಂದು ಶಾಂತಪ್ಪನಿಗೆ ಅನಿಸಿ, ನಗು ಬಂತು, ನಗುವುದು ತಪ್ಪೇನೋ ಎಂದು ಗುಡಿಯ ಕಡೆ ತಿರುಗಿ ಕೂತ.

ನಾಲ್ಕನೆಯ ಸಂಜೆ ಅವನು ಪರದೆ ಎಳೆಯುವ ಮೊದಲೇ ಕೇಳಿಬಿಟ್ಟ. ಕೈಯಲ್ಲಿ ಪರದೆಯ ಅಂಚು, ಬೆನ್ನು ಹೆಂಡತಿಯ ಕಡೆಗೆ. ಯಾಕ ಬ್ಯಾಡ, ಎಂದ. ಕೆಳಗೆ ಯಾರೋ ಮೋಟಾರುಬೈಕು ಚಾಲೂ ಮಾಡಿ ಹೋದರು.

"ಗಠಡಿ ಮುಂದ ಕೂತಂಗ ಆಗತದ," ಎಂದಳು. "ವಾಸನಿನೂ ಅದ."

ಅವನು ಪರದೆಯ ಅಂಚು ಬಿಟ್ಟ. ನಲವತ್ತು ವರ್ಷ ಆ ಗಠಡಿಗಳ ಸುದ್ದಿ ಅವರಿಬ್ಬರ ನಡುವೆ ಒಮ್ಮೆಯೂ ಬಂದಿರಲಿಲ್ಲ. ಬಂದರೆ ಏನು ಹೇಳಬೇಕೆಂದು ಅವನು ಎಷ್ಟೋ ಸಲ ಮನಸ್ಸಿನಲ್ಲಿ ಅಣಿಮಾಡಿಕೊಂಡಿದ್ದ, ಅಂಗಡಿಯಲ್ಲಿ ಜಾಗವಿರಲಿಲ್ಲ, ಆಗಿನ ಕಾಲ ಹಾಗಿತ್ತು, ಅಪ್ಪ ಇದ್ದ. ಈಗ ಅದರ ಬದಲು ಸಾವಿತ್ರಿಬಾಯಿಯನ್ನು ಮುಂದೆ ಮಾಡಿದ. ಎದುರಿನವರು ನೋಡುತ್ತಾರೆ, ಅವಳ ಗಂಡನೂ ನಿಂತು ನೋಡುತ್ತಾನೆ, ನಿನ್ನ ಬಿಚ್ಚಿದ ತಲೆಯನ್ನು ಅವರೇಕೆ ನೋಡಬೇಕು, ಎಂದ. ಈ ಮಾತಿನಲ್ಲಿ ನ್ಯಾಯವಿದೆ ಎಂದು ಅವನಿಗೇ ಧೈರ್ಯ ಬಂತು.

ಕಸ್ತೂರಬಾಯಿ ಆ ನ್ಯಾಯವನ್ನು ತೂಗಿ ನೋಡಿದಳು. "ನನ್ನ ತಲಿ ಮಂದಿ ನೋಡಬಾರದು, ಅದು ಖರೇ. ನನಗೂ ಅದು ಆಗಂಗಿಲ್ಲ. ಆದ್ರ ನೀವು ಮುಚ್ಚಾಕತ್ತಿದ್ದು ನನ್ನ ತಲಿ ಅಲ್ಲರೀ. ನಿಮ್ಮ ಕೈ." ಆಮೇಲೆ, ಸಣ್ಣಗೆ, "ಮುಚ್ಚಿಕೊಂಡು ಮಾಡೂದಾದ್ರ ನನಗ ಬ್ಯಾಡ. ಕಳುವಿನ ಕೆಲಸ ಮಾಡಿಸಿಕೊಂಡಂಗ ಆಗತದ."

ಶಾಂತಪ್ಪ ಸ್ಟೂಲಿನ ಮೇಲೆ ತಾನೇ ಕೂತುಬಿಟ್ಟ. ತನ್ನ ಕೈ ನೋಡಿಕೊಂಡ. ಥಾನು ಅಳೆದ ಕೈ. ಆಕೆ ಬೇರೆ ಯಾವುದೋ ಮಾತು ಎತ್ತಿದಂತೆ ತವರಿನದನ್ನು ಎತ್ತಿದಳು. ತಡವಳದ ಅವರ ಮನೆ ಮಣ್ಣಿನ ಮಾಳಿಗೆಯದು, ಗೋಡೆ ಎರಡು ಮೊಳ ದಪ್ಪ, ಒಳಗಿನ ಕೋಣೆಗಳಿಗೆ ಕಿಟಕಿ ಎಂಬುದೇ ಇಲ್ಲ. ತಲೆಯ ಮೇಲಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಅದರಿಂದ ಬಿಸಿಲು ಕಂಬದ ಹಾಗೆ ಇಳಿದು ನಿಲ್ಲುತ್ತಿತ್ತು, ಅದರೊಳಗೆ ಕೂತು ಆಕೆಯ ಅವ್ವ ಎಲ್ಲ ಹೆಣ್ಣುಮಕ್ಕಳ ತಲೆ ಬಾಚುತ್ತಿದ್ದಳಂತೆ, ಕಂಬ ಸರಿದ ಹಾಗೆ ಇವರೂ ಚಾಪೆ ಸರಿಸಿಕೊಳ್ಳುತ್ತ. ಬೆಳಕು ಮೇಲಿನಿಂದ ಬಂದರೆ ಯಾರೂ ಇಣುಕುವುದಿಲ್ಲ, ಎಂದಳು. ಹೇಳಿ ದೇವರ ದೀಪ ಹಚ್ಚಲು ಎದ್ದು ಹೋದಳು, ಮೂರು ದಿನದಿಂದ ಅದು ಹೊತ್ತಿಗೆ ಸರಿಯಾಗಿ ಹತ್ತುತ್ತಿತ್ತು. ಅವನು ಕೂತಲ್ಲೇ ಕಿಟಕಿಯನ್ನು ನೋಡಿದ. ಸ್ಟೂಲಿನ ಮೇಲೆ ಕೂತವನಿಗೆ ಎದುರಿನ ಕಟ್ಟಡ ಕಿಟಕಿಯ ಕೆಳಗಿನ ಅರ್ಧದಲ್ಲಿತ್ತು. ಮೇಲಿನ ಅರ್ಧದಲ್ಲಿ ಏನೂ ಇರಲಿಲ್ಲ, ಬರೀ ಮುಗಿಲು. ಎದ್ದು ನಿಂತ, ಕಟ್ಟಡ ಅವನ ಜೊತೆ ಎದ್ದಿತು. ಕೂತ. ನಿಂತ. ಅಡಿಗೆಮನೆಯಿಂದ ಕಸ್ತೂರಬಾಯಿ, ಮಂಡಿಗೆ ವ್ಯಾಯಾಮ ಹೇಳ್ಯಾರೇನು, ಎಂದು ಕೇಳಿದಳು.

ಆದಿತವಾರ ಅವನು ಹಳೆಯ ಪೆಟ್ಟಿಗೆಯಿಂದ ಅರಿವೆಗೆ ಗುರುತು ಹಾಕುವ ಸುಣ್ಣದ ಬಳಪ ಹುಡುಕಿ ತಂದ. ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಬೆನ್ನು ನೆಟ್ಟಗೆ ಎಂದು ಹೇಳಿ, ನೆತ್ತಿಯ ಮೇಲೆ ಅಂಗೈ ಇಟ್ಟು, ಅದರ ಮೇಲೆ ನಾಲ್ಕು ಬೆರಳು ಸೇರಿಸಿ, ಆ ಎತ್ತರವನ್ನು ಕಿಟಕಿಯ ಎರಡೂ ಬದಿಗೆ ಗೆರೆ ಎಳೆದ. ಎಲ್ಲ ಮುಗಿದ ಮೇಲೆ ಸೊಸೆಯನ್ನು ಕೂಗಿದ. ಎರಡೂ ಮೇಲಿನ ಸರಳು ತೆಗೆದು, ಒಂದನ್ನು ಮಾತ್ರ ಈ ಗೆರೆಗೆ ಹಾಕಬೇಕು, ದಪ್ಪ ಅರಿವೆಯನ್ನು ಕಡಿದು ಕೆಳಗಿನ ಅರ್ಧಕ್ಕಷ್ಟೇ ಬಿಡಬೇಕು, ಮೇಲೆ ಏನೂ ಬೇಡ. ಶುಭಾಂಗಿ ಯಂತ್ರ ಹಿಡಿದು ಗೆರೆ ನೋಡಿದಳು, ಅತ್ತೆಯನ್ನು ನೋಡಿದಳು, ಸ್ಟೂಲಿನ ಹಿಂದೆ ನಿಂತ ಮಾವನನ್ನು ನೋಡಿದಳು. ಗೆರೆ ಅವನ ಎದೆಗೂ ಬರುತ್ತಿರಲಿಲ್ಲ.

"ಮಾಮಾ, ಇಷ್ಟ ಕೆಳಗ ಹಾಕಿದ್ರ ನೀವು ಕಾಣತೀರಿ."

"ಕಾಣಲಿ."

"ಪೂರ್ತಿ ಕಾಣತೀರಿ. ಹಣಗಿ ಸಮೇತ."

ಹಣಿಗೆಯ ಮಾತು ಈಕೆಗೆ ಹೇಗೆ ಗೊತ್ತು ಎಂದು ಅವನು ಬಾಯಿ ತೆರೆದ. ಸೊಸೆ ಯಂತ್ರಕ್ಕೆ ಸೂಜಿ ಸಿಕ್ಕಿಸುತ್ತ, ಅವನ ಕಡೆ ನೋಡದೆ ಹೇಳಿದಳು: "ನನಗ ಫಿರಾಯಲಾ, ತಿರಗ್ಯಾಡಾಕ ಎಲ್ಲಿ ಸೇರತದ, ಮಾಮಾ? ಕೆಳಗ ಬಾಕಿನ ಮ್ಯಾಲ ಕೂತು ಮೊಬೈಲ ನೋಡತೀನಿ. ಅರ್ಧಾ ತಾಸ ಆದ ಮ್ಯಾಲ ಬರತೀನಿ. ಹದಿನೈದ ದಿನದ ಮ್ಯಾಲಾತು, ಸೊಳ್ಳಿ ಕಡದ ಕಡದ ಸಾಕಾಗ್ಯದ." ಕಸ್ತೂರಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಎಡ ಭುಜ ಕುಲುಕುತ್ತಿತ್ತು, ಬಲದ್ದು ಸುಮ್ಮನಿತ್ತು. ಶಾಂತಪ್ಪ ಕಿಟಕಿಯ ಹೊರಗೆ ನೋಡುತ್ತ ನಿಂತ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲವೆಂದು ತಾನು ಕಾದುಕೊಂಡಿದ್ದ ಹೊತ್ತನ್ನು ಯಾರೋ ಸೊಳ್ಳೆ ಕಡಿಸಿಕೊಂಡು ಕಾದುಕೊಟ್ಟಿದ್ದರು. ಯಂತ್ರ ಗರ್ರೆಂದಿತು, ಗೋಡೆಯ ಕೆಂಪು ಹುಡಿ ಅವನ ಪಂಚೆಯ ಮೇಲೆ ಬಿತ್ತು. ಸೀರೆ ಉಡುವುದು ಹೇಗೆ, ಮೇಲೆಲ್ಲ ಬಯಲಾಯಿತಲ್ಲ, ಎಂದು ಸೊಸೆ ಕೇಳಿದ್ದಕ್ಕೆ ಅತ್ತೆ, ನಾನು ಎಂದೂ ಬಚ್ಚಲ ಬಾಗಿಲು ಹಾಕಿಕೊಂಡೇ ಉಟ್ಟವಳು, ನನಗೇನೂ ಹೊಸದಲ್ಲ, ಎಂದಳು.

ಅವತ್ತು ಸಂಜೆ ಶುಭಾಂಗಿ ಕೆಳಗೆ ಹೋಗಲಿಲ್ಲ. ಅಡಿಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದಳು, ಬೇಕೆಂದೇ ಸ್ವಲ್ಪ ಜೋರಾಗಿ. ಕೋಣೆಯ ಬಾಗಿಲು ತೆರೆದೇ ಇತ್ತು. ಕಸ್ತೂರಬಾಯಿ ತಾನೇ ಸ್ಟೂಲು ಎಳೆದುಕೊಂಡು ಕಿಟಕಿಗೆ ಮುಖ ಮಾಡಿ ಕೂತಳು, ಸೊಸೆಯ ಗಂಟು ಬಿಚ್ಚಿದಳು. ಬಿಚ್ಚಿದ ಕೂದಲು ಬೆನ್ನ ಮೇಲೆ ಇಳಿಯಿತು. ಬೂದಿ ಬಣ್ಣದ ಅರಿವೆ ಅದನ್ನೆಲ್ಲ ಹೊರಗಿನಿಂದ ಮುಚ್ಚಿ ನಿಂತಿತ್ತು. ಅದರ ಮೇಲೆ ಗಾಜು ಪೂರ್ತಿ ಸರಿದಿತ್ತು, ಗಾಳಿ ಬರುತ್ತಿತ್ತು. ಶಾಂತಪ್ಪ ಟ್ಯೂಬಲೈಟು ಹಚ್ಚಿದ. ಎರಡು ಹೆಜ್ಜೆ ನಡೆದು ಹೆಂಡತಿಯ ಹಿಂದೆ ನಿಂತ. ತಲೆಯ ಟೊಪ್ಪಿಗೆ ತೆಗೆದಿಡಬೇಕೋ ಇರಲೋ ಎಂದು ಯೋಚಿಸಿ, ಇರಲಿ ಎಂದು ಬಿಟ್ಟ. ಎದುರಿನ ಕಟ್ಟಡದ ಎರಡನೆಯ ಮಾಳಿಗೆಯಲ್ಲಿ ಟಿವಿಯ ನೀಲಿ ಬೆಳಕು ಇತ್ತು. ಸಾವಿತ್ರಿಬಾಯಿ ಏನೋ ಒಣಗಿದ್ದನ್ನು ತೆಗೆಯಲು ಕಿಟಕಿಗೆ ಬಂದವಳು ಈ ಕಡೆ ನೋಡಿದಳು. ಒಳಗೆ ತಿರುಗಿ ಏನೋ ಹೇಳಿದಳು. ನೀಲಿ ಬೆಳಕು ಆರಿತು. ಶಿವಶರಣಪ್ಪ ಚಹಾದ ಕಪ್ಪು ಹಿಡಿದು ಆಕೆಯ ಪಕ್ಕಕ್ಕೆ ಬಂದು ನಿಂತ.

ಶಾಂತಪ್ಪನ ಕೈ ನಿಂತುಹೋಯಿತು. ಹಣಿಗೆ ಗಾಳಿಯಲ್ಲಿತ್ತು, ಇಳಿಯಲೂ ಇಲ್ಲ, ಏರಲೂ ಇಲ್ಲ. ಈಗಲೂ ಪಕ್ಕಕ್ಕೆ ಸರಿದರೆ ಗೋಡೆ ಇದೆ, ಅಲ್ಲಿಂದಲೂ ಬಾಚಬಹುದು ಎಂದು ಕಾಲಿಗೆ ಹೊಳೆಯಿತು.

"ಯಾಕ ನಿಂತ್ರಿ?" ಎಂದಳು ಕಸ್ತೂರಬಾಯಿ.

"ಅವರು ಬಂದಾರ. ಇಬ್ಬರೂ."

ಅವಳು ಕತ್ತೆತ್ತಿ ತನ್ನ ಎದುರಿಗೆ ನೋಡಿದಳು. "ನನಗ ಯಾರೂ ಕಾಣವಲ್ಲರು," ಎಂದಳು. "ಮುಗಲ ಅಷ್ಟ ಕಾಣತದ. ಬಾಚ್ರಿ."

ಅವನು ಎದುರಿನವರಿಗೆ ತಲೆ ಬಾಗಿಸಿದ, ಗಾದಿಯ ಮೇಲಿಂದ ಗಿರಾಕಿಗಳಿಗೆ ಬಾಗಿಸುತ್ತಿದ್ದಷ್ಟೇ. ಶಿವಶರಣಪ್ಪ ಅಲ್ಲಿಂದ ಕಪ್ಪು ಎತ್ತಿದ. ಶಾಂತಪ್ಪನ ಮುಖ ಬಿಸಿಯಾಗಿತ್ತು, ಕಿವಿ ಇ‌ನ್ನೂ ಬಿಸಿ. ಎಡಗೈಯಲ್ಲಿ ಕೂದಲು ಸೇರಿಸಿ ಹಿಡಿದು, ನೆಟ್ಟಗೆ ನಿಂತು, ಬಾಚತೊಡಗಿದ.